ಎಡಗೈಯ ಬಯಲು

ದೋಣಿ ಬಂದರೆ ಸೇತುವೆ ಎತ್ತುವುದು ನನ್ನ ಕೆಲಸ.
ಬಾರದಿದ್ದರೆ, ಗೂಡಿನ ಮೇಜಿನ ಮೇಲೆ
ಅಂಗೈಯಷ್ಟು ಬಯಲು:
ಹಾರ್ಲಿಂಗನ್ನಿನ ಶನಿವಾರದ ಸಂತೆಯಲ್ಲಿ
ಕಿಲುಬು ಚಮಚಗಳ ಪೆಟ್ಟಿಗೆಯ ತಳದಿಂದ
ನಾಲ್ಕು ಯೂರೋಗೆ ಎದ್ದುಬಂದ ಹಳೆಯ ಎಚ್ಚಿಂಗು.
ಹೆಸರಿಲ್ಲ, ಇಸವಿಯಿಲ್ಲ. ಮೂಲೆಯಲ್ಲಿ ದುಂಡನೆಯ ಕಂದು ಕಲೆ,
ಯಾರೋ ಇದರ ಮೇಲೆ ಬಟ್ಟಲಿಟ್ಟಿದ್ದಾರೆ.

ಒಂದು ಏರಿ. ಏರಿಯ ಮೇಲೆ ಗಾಳಿಗೆ ಬೆನ್ನು ಕೊಟ್ಟ ಏಳು ವಿಲೋ.
ಬಲಕ್ಕೆ, ದೂರದಲ್ಲಿ, ಚರ್ಚಿನ ಮೊಂಡು ಗೋಪುರ.
ಉಳಿದದ್ದೆಲ್ಲ ಆಕಾಶ,
ಅಂದರೆ ಬರಿ ಕಾಗದ.

ಮಂಗಳವಾರ ಸಂಜೆ ಡೌವೆ ಕಲಿಸುತ್ತಾನೆ,
ನಲವತ್ತು ವರ್ಷ ದೋಣಿಗಳ ಬೆನ್ನಿಗೆ ಹೆಸರು ಬರೆದು
ನಡು ಬಾಗಿದವನು.
"ಮೊದಲು ಗೀರು. ಮರ ಆಮೇಲೆ."
ಹಾಳೆ ತುಂಬ ತಿದ್ದಿದೆ, ಅ ಆ ತಿದ್ದುವ ಮಗುವಿನಂತೆ
ನಾಲಿಗೆ ಹಲ್ಲಿಗೆ ಕಚ್ಚಿಕೊಂಡು.
ಆತ ಕನ್ನಡಕ ಹಣೆಗೇರಿಸಿ ಹೇಳಿದ:
"ಗೀರಿನ ಬಾಲಕ್ಕೆ ಕೊಕ್ಕೆ ಬಂದಿದೆ, ನೋಡು.
ಪೆನ್ನು ಏಳುವ ಮೊದಲೇ ನೀನು ಎದ್ದಿದ್ದೀಯ."

ಒಂದು ಪದರ ಎಳೆದರೆ ಮೋಡದ ಹೊಟ್ಟೆ.
ಅದರ ಮೇಲೆ ಸ್ವಲ್ಪವೇ ಓರೆಯಾಗಿ ಇನ್ನೊಂದು, ಏರಿಯ ನೆರಳು.
ನೆಟ್ಟಗೆ ಅಡ್ಡ ಹಾಕಿದೆಯೋ,
ಕೆಟ್ಟಿತು, ಸೊಳ್ಳೆಪರದೆ.
ಹುಲ್ಲಿಗೆ ಇಳಿಜಾರಿನ ಹಿಂದೆಯೇ ಹೋಗಬೇಕು.
ನೀರಿಗೆ ಮಾತ್ರ ಮಲಗಿದ ಗೀರು,
ನಡುನಡುವೆ ಬಿಟ್ಟುಬಿಡಬೇಕು,
ಬಿಟ್ಟಲ್ಲಿ ತಾನೇ ಹೊಳೆಯುತ್ತದೆ.
ಬಿಡುವುದು ನನಗೆ ಇನ್ನೂ ಬಂದಿಲ್ಲ.

ಆದರೆ ಒಂದು ವಿಚಿತ್ರ.
ಡೌವೆಯ ಮಾದರಿ ಹಾಳೆಯಲ್ಲಿ ತೊಡರುವ ಕೈ
ಈ ಹಳೆಯ ಚಿತ್ರದಲ್ಲಿ ಸಲೀಸು.
ಎಡ ಮೇಲಿನಿಂದ ಬಲ ಕೆಳಕ್ಕೆ ಬಿದ್ದ ಅವನ ಒಂದೊಂದು ಗೀರೂ
ನನ್ನ ಮಣಿಕಟ್ಟು ತಾನಾಗಿ ತಿರುಗುವ ದಾರಿ.
ನಾನು ಎಡಚಿ.
ಹಿಲ್ಕೆಮಾ ಟೀಚರು ಈ ಕೈಯನ್ನು
ನನ್ನದೇ ಜಡೆಯ ರಿಬ್ಬನ್ನಿನಿಂದ ಕುರ್ಚಿಗೆ ಕಟ್ಟಿದ್ದರು,
ಎರಡು ಚಳಿಗಾಲ.
ಇವನೂ ಎಡಚನೇ, ಅಂದೆ.
ಡೌವೆ ನಕ್ಕ. "ಬಲಗೈಯವನೇ ಕಣೇ.
ತಾಮ್ರದ ತಗಡಿನಲ್ಲಿ ಗೀರಿದ್ದು ಕಾಗದಕ್ಕೆ ಇಳಿಯುವಾಗ
ಎಡ ಬಲವಾಗುತ್ತದೆ, ಬಲ ಎಡ."

ಮನೆಗೆ ಹೋಗಲಿಲ್ಲ ಆ ರಾತ್ರಿ, ಗೂಡಿಗೆ ಬಂದೆ.
ದೀಪದ ಗಾಜಿಗೆ ಚಿತ್ರವನ್ನು ಬೋರಲು ಒತ್ತಿ
ಬೆನ್ನ ಕಡೆಯಿಂದ ನೋಡಿದೆ.
ಗೋಪುರ ಎಡಕ್ಕೆ ಹೋಯಿತು.
ಏರಿ ಮಗ್ಗುಲು ಬದಲಿಸಿತು.
ಬೆಳಗಾದ ಮೇಲೆ ಕಿಟಕಿಯಲ್ಲಿ, ಅದೇ ಏರಿ, ಎಡಕ್ಕೆ ಗೋಪುರ,
ವಿಲೋ ಮಾತ್ರ ಎರಡೇ.
ಇದೇ ಊರು ಅಂತ ಹೇಗೆ ಹೇಳಲಿ?
ಇಲ್ಲಿ ಎಲ್ಲ ಗೋಪುರಗಳೂ ಮೊಂಡೇ.

ಎಂದೋ ಒಬ್ಬ ಬಲಗೈಯವನು
ಕೆಸರಿನಲ್ಲಿ ನಿಂತು ತನ್ನ ಪಾಡಿಗೆ ಗೀರಿದ್ದು
ಮಗುಚಿ, ಮಗುಚಿ,
ನನ್ನ ಕೈಗೆ ಒದಗುವ ಹಾಗೆ ಬಂದು ಕೂತಿದೆ.
ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದೂ ಇಲ್ಲ.

ಈಗ ಬಲ ಅಂಚಿನಿಂದ ಶುರು ಮಾಡುತ್ತೇನೆ,
ಹಸಿ ಮಸಿಯ ಮೇಲೆ ಕೈ ಉಜ್ಜದಂತೆ.
ಆದರೂ ಉಜ್ಜುತ್ತದೆ.
ಆರನೆಯ ಮರದ ನೆರಳಿನಲ್ಲಿದ್ದೆ, ಹಾರ್ನ್ ಕೇಳಿತು:
ಮರಳು ಹೊತ್ತ ದೋಣಿ, ನೀರಿನ ಮಟ್ಟಕ್ಕೆ ಮುಳುಗಿ.
ಗೇಟು ಹಾಕಿದೆ, ಸೇತುವೆ ಎತ್ತಿದೆ,
ಕೋಲಿನ ತುದಿಯ ಮರದ ಬೂಟನ್ನು
ಸುಂಕಕ್ಕೆಂದು ಕೆಳಗೆ ಇಳಿಬಿಟ್ಟೆ.
ನಾಣ್ಯ ಹಾಕುತ್ತ ಹಡಗಿನವ ಕೂಗಿದ,
"ಕೈಗೇನದು, ಗ್ರೀಸಾ?"

"ಅಲ್ಲ," ಅಂದೆ, "ವಿಲೋ."